ಡಬ್ಬಿ ನಮ್ಮದು, ಪಿಸ್ಟನ್ ಯಾರದೋ

ರಾಯದುರ್ಗದ ಮಿಸ್ತ್ರಿಯ ಶೆಡ್ಡಿನಲ್ಲಿ ಆ ಶನಿವಾರ ಇದ್ದವರು ಮೂವರು. ಬಸ್ಸಿನ ಮಾಲೀಕನೂ ಡ್ರೈವರೂ ಆದ ನಾನು, ಮಿಸ್ತ್ರಿ, ಮತ್ತು ನನ್ನ ಕಂಡಕ್ಟರು. ಕಂಡಕ್ಟರು ನನ್ನ ಹಾಗೆಯೇ ಮಡಕಶಿರಾ ಕಡೆಯವನು. ಅಗಳಿಯವ, ನನ್ನ ತಂಗಿಯ ಗಂಡ. ಊರು ಬಿಟ್ಟು ಬಂದರೂ ನಾವಿಬ್ಬರೂ ಮಧ್ಯಾಹ್ನದ ಮುದ್ದೆ ಬಿಟ್ಟವರಲ್ಲ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸಿನ ಬೆನ್ನಿಗೆ ಇದ್ದಿಲ ಗ್ಯಾಸಿನ ಒಲೆ ಕಟ್ಟಿಕೊಂಡಿದ್ದೆವು. ಆ ಹೊಗೆ ಕುಡಿದ ಇಂಜಿನ್ನಿಗೆ ಗುಮ್ಮಘಟ್ಟದ ದಾರಿಯ ಏರು ಬಂದರೆ ಉಸಿರೇ ಇರುತ್ತಿರಲಿಲ್ಲ. ಜನ ಯಾರೂ ಹೇಳದಿದ್ದರೂ ಇಳಿದು, ಮಾತಾಡಿಕೊಂಡು ನೂಕುತ್ತಿದ್ದರು. ಸೋಮವಾರ ಗಾಡಿ ಪರೀಕ್ಷೆಗೆ ಬ್ರೇಕ್ ಇನ್‌ಸ್ಪೆಕ್ಟರು ಬರುವವರಿದ್ದರು. ತುಂಬಿದ ಬಸ್ಸು ಏರು ಹತ್ತದಿದ್ದರೆ ನನ್ನ ಪರ್ಮಿಟ್ಟು ಹೋಗಿ ಲೈನು ಇನ್ನೊಬ್ಬರ ಪಾಲು.

ಅದಕ್ಕೇ ಮದರಾಸಿನಿಂದ ಹೆಚ್ಚು ಬಲ ಕೊಡುವ ಪಿಸ್ಟನ್ನು ತರಿಸಿದ್ದೆ. ಅವುಗಳ ತಲೆ ಎತ್ತರ. ಗ್ಯಾಸನ್ನು ಬಿಗಿಯಾಗಿ ಅದುಮುತ್ತವಂತೆ. ಡಬ್ಬಿಯ ಮೇಲೆ ನಮ್ಮ ಗಾಡಿಯ ಮಾಡೆಲ್ಲೇ ಅಚ್ಚಾಗಿತ್ತು. ಒಳಗಿನ ನಾಲ್ಕೂ ನಾಲ್ಕು ತೂಕ. ಒಂದಕ್ಕೆ ಪಿನ್ನು ಹೋಗದು, ಇನ್ನೊಂದರಲ್ಲಿ ನಿಲ್ಲದು. ಮಿಸ್ತ್ರಿ ಉಜ್ಜಿ, ತಟ್ಟಿ ಕೂರಿಸುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

ಇನ್ನು ಸ್ಟಾರ್ಟ್ ಮಾಡೋಣ ಎಂದೆ. ಮಿಸ್ತ್ರಿ ಒಪ್ಪಲಿಲ್ಲ. ಕಂಡಕ್ಟರನ ಬುತ್ತಿ ಬಿಚ್ಚಿಸಿ, ಮುದ್ದೆ ಮುರಿದು, ಎಣ್ಣೆ ಸವರಿ ಒಂದೊಂದು ಪಿಸ್ಟನ್ನಿನ ತಲೆಗೂ ಒಂದೊಂದು ತುತ್ತು ಇಟ್ಟರು. ಹೆಡ್ಡು ಮುಚ್ಚಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದರು. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗವಿದೆ ಎಂಬುದನ್ನು ಮುದ್ದೆಯೇ ಹೇಳಬೇಕು. ಅದು ಅವರ ಪದ್ಧತಿ.

"ನನ್ ಊಟನೂ ಇಂಜಿನ್ಗೇ ಆಯ್ತಲ್ಲ ಭಾವ," ಎಂದ ಕಂಡಕ್ಟರು.

ಮೂರು ತುತ್ತು ರೊಟ್ಟಿಯಷ್ಟು ದಪ್ಪ ಉಳಿದಿದ್ದವು. ನಾಲ್ಕನೆಯದು ಹರಿದು ಲೋಹ ಕಾಣುತ್ತಿತ್ತು.

"ನೋಡ್ರಿ," ಎಂದರು ಮಿಸ್ತ್ರಿ. "ಡಬ್ಬಿ ನಿಮ್ಮ ಗಾಡೀದು. ಪಿಸ್ಟನ್ ಯಾರದೋ ಏನೋ. ಸ್ಟಾರ್ಟ್ ಮಾಡಿದ್ರ ವಾಲ್ವ್ ಮುರೀತದ್ರಿ."

"ಉಜ್ಜಿ ತಗ್ಗಿಸಿ ಮಿಸ್ತ್ರಿ, ಇನ್ನ ಎಲ್ಡೇ ದಿನ ಇರೋದು."

ಬೇಡವೆಂದರು, ನಾನು ಹಟ ಹಿಡಿದೆ. ಅರದಲ್ಲಿ ಉಜ್ಜುತ್ತಿದ್ದಂತೆ ಎರಕದೊಳಗಿನ ಗುಳ್ಳೆಯೊಂದು ಬಾಯಿಬಿಟ್ಟಿತು, ಸೂಜಿ ತೂರುವಷ್ಟು. ಆ ಡಬ್ಬಿಯನ್ನೆತ್ತಿ ಬಾವಿಗೆ ಎಸೆಯಬೇಕೆನಿಸಿತು. ಹಳೆಯ ಪಿಸ್ಟನ್ನುಗಳನ್ನೇ ಮತ್ತೆ ಹಾಕಿಕೊಂಡೆವು.

ಸೋಮವಾರ ಯಾರೂ ಇಳಿಯಬೇಡಿ ಎಂದು ಕಂಡಕ್ಟರು ಎಲ್ಲರನ್ನೂ ಬೇಡಿಕೊಂಡಿದ್ದ. ಏರಿನ ಅರ್ಧದಲ್ಲಿ ಬಸ್ಸು ಏದುಸಿರು ಬಿಟ್ಟಿತು. ಜನಕ್ಕೆ ಮನಸ್ಸು ತಡೆಯಲಿಲ್ಲ. ನನ್ನ ಮೇಲಿನ ಪ್ರೀತಿಗೇ ಇಳಿದು ನೂಕಿದರು. ಒಳಗೆ ಉಳಿದವರು ನಾನು ಮತ್ತು ಇನ್‌ಸ್ಪೆಕ್ಟರು. ಅವರು ಬರೆದುಕೊಂಡರು. ಪರ್ಮಿಟ್ಟು ಹೋಯಿತು.

ಪಿಸ್ಟನ್ನಿನ ಬಗ್ಗೆ ನಾನು ಬರೆದ ದೂರಿಗೆ ಮದರಾಸಿನ ಅಂಗಡಿಯವರ ಉತ್ತರ ಆಮೇಲೆ ಬಂತು. ಅರ ಹಾಕಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.

ಮುಂದಿನ ತಿಂಗಳು, ನನ್ನ ಲೈನು ಪಡೆದವರು ಅಂಥದೇ ಡಬ್ಬಿ ಹಿಡಿದು ಶೆಡ್ಡಿಗೆ ಬಂದರು. ನಾನೂ ಅಲ್ಲೇ ಕೂತಿದ್ದೆ. ಮಿಸ್ತ್ರಿ ಡಬ್ಬಿ ಮುಟ್ಟಲಿಲ್ಲ. ಊಟಕ್ಕೆ ಮುದ್ದೆ ತಂದಿದ್ದೀರಾ ಎಂದು ಕೇಳಿದರು.