ಬೇರೆ ಊರಿನ ಹೆಸರು ಹೊಲಿದೆ

ನಮ್ಮ ಐಸ್ ಹಾಕಿ ತಂಡ ಊರು ಬಿಟ್ಟು ಹೋಗುತ್ತದೆಂದು ಆಟಗಾರರಿಗಿಂತ ಮೊದಲು ನನಗೆ ಗೊತ್ತಿತ್ತು.

ಅದು ದೊಡ್ಡ ಲೀಗಿನ ತಂಡವಲ್ಲ. ಆದರೂ ಸಂಬಳಕ್ಕೆ ಆಡುವವರು. ಅಮೆರಿಕದ ಮುಕಿಲ್ಟಿಯೊ ಊರಿನ ನಮ್ಮ ಮನೆಯಿಂದ ಅವರು ಆಡುವ ಮಂಜುಗಡ್ಡೆಯ ಅಂಗಳಕ್ಕೆ, ಅಂದರೆ ರಿಂಕಿಗೆ, ಕಾರಿನಲ್ಲಿ ಹದಿನೈದು ನಿಮಿಷ. ಗಂಡನ ವೀಸಾದ ಮೇಲೆ ಬಂದು ಆರು ವರ್ಷ ಮನೆಯಲ್ಲೇ ಕೂತಿದ್ದ ನನಗೆ ಕೆಲಸ ಮಾಡುವ ಪರ್ಮಿಟ್ ಬಂದ ಮೇಲೆ ಸಿಕ್ಕ ಮೊದಲ ಕೆಲಸ ಅಲ್ಲಿನದು. ಹರಿದ ಜರ್ಸಿ ಸರಿಮಾಡುವುದು, ಬೆನ್ನಿಗೆ ಹೆಸರು, ನಂಬರು ಹೊಲಿಯುವುದು.

ನನ್ನ ಹೊಲಿಗೆ ಮಿಶಿನ್ನಿನ ಎದುರಿಗೇ ಅಮೆರಿಕದ ಮುದುಕರೊಬ್ಬರು ಸ್ಕೇಟುಗಳ ಅಲಗು ಸಾಣೆ ಹಿಡಿಯುತ್ತಿದ್ದರು. ತಂಡ ಶುರುವಾದಂದಿನಿಂದ ಅಲ್ಲೇ ಇದ್ದವರು. ಆಟದ ತಲೆಬುಡ ಗೊತ್ತಿಲ್ಲದ ನನಗೆ ಮೇಜಿನ ಮೇಲೆ ಗುಂಡಿಗಳನ್ನು ಹರಡಿ ಆಫ್‌ಸೈಡ್ ನಿಯಮ ಕಲಿಸಿದರು. ನನ್ನ ಡಬ್ಬಿಯ ಚಿತ್ರಾನ್ನ ತಿಂದು, ಖಾರಕ್ಕೆ ಕೆಮ್ಮಿ, ಮತ್ತೆ ಕೈ ಚಾಚುತ್ತಿದ್ದರು.

ಒಂದು ವರ್ಷ, ತಂಡವನ್ನು ಬೇರೆ ಊರಿಗೆ ಸಾಗಿಸುತ್ತಾರೆಂಬ ಗಾಳಿಸುದ್ದಿ ಎದ್ದಿತು. ಮಾಲೀಕರು ಅಭಿಮಾನಿಗಳ ಸಭೆ ಕರೆದು, ತಂಡ ಎಲ್ಲಿಗೂ ಹೋಗುವುದಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುದುಕರು ಕಣ್ಣೊರೆಸಿಕೊಂಡರು.

ಅದಾದ ನಾಲ್ಕನೆಯ ದಿನ ಟಿಕೆಟ್ ವಿಭಾಗದ ಸಹೋದ್ಯೋಗಿ ಮನೆಗೆ ಬಂದ. ಬೆಂಗಳೂರಿನವನು, ನನಗೆ ಈ ಕೆಲಸ ಕೊಡಿಸಿದವನು.

"ಅಕ್ಕ, ಎರಡು ಜರ್ಸಿ ಅರ್ಜೆಂಟ್ ಬೇಕು, ಫೋಟೋಗೆ. ಇಲ್ಲೇ ಮನೇಲಿ ಹೊಲೀರಿ, ರಿಂಕಲ್ಲಿ ಬೇಡ."

ಚೀಲ ಬಿಚ್ಚಿದೆ. ಎದೆಯ ಮೇಲೆ ಹೊಲಿಯಬೇಕಾಗಿದ್ದ ಊರಿನ ಹೆಸರು ನಮ್ಮದಲ್ಲ.

"ಮೊನ್ನೆ ತಾನೆ ಹೋಗಲ್ಲ ಅಂದ್ರಲ್ಲ?"

"ಸೀಸನ್ ಮುಗಿಯೋವರ್ಗೂ ಯಾರ್ಗೂ ಹೇಳ್ಬಾರ್ದಂತೆ. ಗೊತ್ತಾದ್ರೆ ಜನ ಮ್ಯಾಚ್‌ಗೆ ಬರಲ್ಲ. ನನ್ನ ಗ್ರೀನ್ ಕಾರ್ಡ್ ಅರ್ಜಿ ಮಾಲೀಕರ ಕೈಯಲ್ಲಿದೆ ಅಕ್ಕ, ಪ್ಲೀಸ್."

ಹೊಲಿದೆ. ಅವನಿಗೋಸ್ಕರ ಎಂದು ಸಮಾಧಾನ ಮಾಡಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೋಸ್ಕರ.

ಮುಂದಿನ ವಾರವೇ ಮುದುಕರು ಸಾಣೆ ನಿಲ್ಲಿಸಿ ನನ್ನ ಬಳಿ ಬಂದರು. "ಶೋರ್‌ಲೈನ್ ಊರಿನ ಕಡೆಯ ಒಂದು ರಿಂಕಿನವರು ಕೆಲಸಕ್ಕೆ ಕರೆಯುತ್ತಿದ್ದಾರೆ. ನಾಳೆ ಉತ್ತರ ಕೊಡಬೇಕು. ನಿನಗೆ ಆಫೀಸಿನವರು ಗೊತ್ತು. ತಂಡ ಇಲ್ಲೇ ಉಳಿಯುತ್ತಾ?"

ನಾನು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ, "ಉಳಿಯುತ್ತೆ ಅನ್ಸುತ್ತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಆ ಕೆಲಸ ಬೇಡವೆಂದರು.

ಕೊನೆಯ ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಎಲ್ಲರ ಫೋನಿಗೂ ಸುದ್ದಿ ಬಂತು. ಜೊತೆಗೊಂದು ಫೋಟೋ: ಇಬ್ಬರು ಅಪರಿಚಿತರು, ಮೈಮೇಲೆ ನಾನು ಹೊಲಿದ ಜರ್ಸಿ. ಮುದುಕರು ಅದನ್ನು ನನ್ನ ಮುಂದೆ ಹಿಡಿದರು.

"ಇದು ನೀನು ಹೊಲಿದದ್ದಾ?"

ಹೌದೆಂದೆ.

"ಯಾವಾಗ?"

ಅದನ್ನೂ ಹೇಳಿದೆ. ಅವರು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ, ಕೋಟು ತೊಟ್ಟು ಹೊರಟುಹೋದರು. ತಂಡ ಅವರನ್ನು ಜೊತೆಗೆ ಕರೆದೊಯ್ಯಲಿಲ್ಲ; ನನ್ನನ್ನೂ ಇಲ್ಲ. ನಮ್ಮ ಮೂವರಲ್ಲಿ ತಂಡದ ಜೊತೆ ಹೋದವನು ಬೆಂಗಳೂರಿನವನೊಬ್ಬನೇ. ದೀಪಾವಳಿಗೆ ಮೆಸೇಜ್ ಕಳಿಸುತ್ತಾನೆ.

ಶೋರ್‌ಲೈನಿನ ರಿಂಕಿಗೆ ನಾನೇ ಹೋಗಿ ಮುದುಕರ ಪರವಾಗಿ ವಿಚಾರಿಸಿದೆ. ಆ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಮುದುಕರಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

"ನೀನೇನ್ ಮಾಡಕ್ಕಾಗ್ತಿತ್ತು, ಬಿಡು" ಎಂದರು ನನ್ನ ಗಂಡ.

ಮುದುಕರು ಕೇಳಿದ ದಿನ "ಗೊತ್ತಿಲ್ಲ" ಎಂದಾದರೂ ಹೇಳಬಹುದಿತ್ತು.