ಕಣ್ಣೆತ್ತಿ ನೋಡದ ಡಾಕ್ಟರು

ತೊಂಬತ್ತರ ದಶಕದ ಕೊನೆಯಲ್ಲಿ ಮೂರು ವರ್ಷ ನಾನು ಮೂಡಿಗೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದೆ. ಅಲ್ಲಿನ ಡಾಕ್ಟರನ್ನು ಊರವರು ದೇವರೆನ್ನುತ್ತಿದ್ದರು. ಮೊದಲ ಆರು ತಿಂಗಳು ನಾನೂ ಹಾಗೆಂದೇ ನಂಬಿದ್ದೆ. ಆ ದಡ್ಡತನಕ್ಕೆ ನನ್ನ ಮೇಲೆಯೇ ನನಗೆ ಇವತ್ತಿಗೂ ಸಿಟ್ಟಿದೆ.

ಎಸ್ಟೇಟ್ ಮಾಲೀಕರು ಬಂದರೆ ಈ ದೇವರು ಎದ್ದು ನಿಲ್ಲುತ್ತಿತ್ತು. ನಾಡಿ ಹಿಡಿದು, ನಾಲಿಗೆ ನೋಡಿ, ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ಹೇಗೆ ಎಂದು ವಿಚಾರಿಸಿ, ಒಳಗಿನಿಂದ ಕಾಫಿ ತರಿಸುತ್ತಿತ್ತು. ಮಾಲೀಕರ ನಾಯಿಯ ಅಜೀರ್ಣಕ್ಕೂ ಅಲ್ಲಿ ಸಲಹೆಯಿತ್ತು. ಕೂಲಿಯವರು ಮಾತ್ರ ಮೇಜಿನಾಚೆಯೇ ನಿಲ್ಲಬೇಕು. ಕುರ್ಚಿಯಿತ್ತು, ಕೂತುಕೊಳ್ಳಿ ಎನ್ನುವವರಿರಲಿಲ್ಲ. ಅವರ ಮಾತು ಮುಗಿಯುವ ಮೊದಲೇ ಚೀಟಿ ಬರೆದಾಗಿರುತ್ತಿತ್ತು.

ಬಾಳೂರಿನ ಕಡೆಯ ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸೊಬ್ಬಳು ಹೊಟ್ಟೆನೋವೆಂದು ಬಂದಳು. ನಲವತ್ತರ ಆಸುಪಾಸಿನವಳು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಡಾಕ್ಟರು "ಗ್ಯಾಸು" ಎಂದು ಮಾತ್ರೆ ಬರೆದರು. ವಾರ ಬಿಟ್ಟು ಬಂದಳು, ಮತ್ತೆ ಗ್ಯಾಸು. ಮೂರನೇ ಸಲ ಬಂದಾಗ ಅವಳ ಕಣ್ಣು ಅರಿಶಿನವಾಗಿತ್ತು. ಬಾಗಿಲಲ್ಲಿ ನಿಂತ ನನಗೇ ಕಾಣಿಸಿತು.

"ಸಾರ್, ಕಣ್ಣು ಹಳದಿಯಾಗಿದೆ" ಎಂದೆ.

"ಎಲೆಅಡಿಕೆ ಹಾಕೋರ ಕಣ್ಣು ಹಾಗೇ ಇರುತ್ತೆ. ಮುಂದಿನವರನ್ನ ಕಳಿಸು."

ಎಂಥಾ ವಿದ್ಯೆ! ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡ ಪದವಿಗಳು ಬೇರೆ.

ಅಂದು ಸಂಜೆ ಪಕ್ಕದ ಮನೆಯ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ಕಾರು ರಿಪೇರಿ ಮಾಡುವ ಮೆಕ್ಯಾನಿಕ್. ಸ್ವಲ್ಪ ಯೋಚಿಸಿ ಅಂದರು: "ಬಟ್ಟೆ ನೋಡೋ ಡಾಕ್ಟ್ರಿಗೆ ಬಟ್ಟೆನೇ ತೋರ್ಸಣ ಬಿಡಿ ಸಿಸ್ಟರ್."

ಮಾರನೆಯ ದಿನ ಅಕ್ಕನನ್ನು ಮನೆಗೆ ಕರೆಸಿ ನನ್ನ ಮದುವೆಯ ರೇಷ್ಮೆ ಸೀರೆ ಉಡಿಸಿದೆ. ಆ ನೋವಿನಲ್ಲೂ ಅವಳು, "ನಂಗೇ ನಗು ಬತ್ತದೆ ಮಾರಾಯ್ತಿ" ಎಂದಳು. ಸಾಹೇಬರ ಗ್ಯಾರೇಜಿನಲ್ಲಿ ಯಾರೋ ಪ್ಲಾಂಟರ ದೊಡ್ಡ ಕಾರು ರಿಪೇರಿಯಾಗಿ ನಿಂತಿತ್ತು. ಟ್ರಯಲ್ ನೋಡುವ ನೆಪದಲ್ಲಿ ಅದರಲ್ಲೇ ಅವಳನ್ನು ಕೂರಿಸಿಕೊಂಡು ಬಂದರು. "ಕಳಸದ ಕಡೆ ಎಸ್ಟೇಟಿನ ಅಮ್ಮನೋರು" ಎಂದು ಪರಿಚಯಿಸಿದರು.

ಡಾಕ್ಟರು ಎದ್ದು ನಿಂತರು. ಅಕ್ಕ ಕುರ್ಚಿಯಲ್ಲಿ ಕೂತಳು. ಹೆದರಿಕೆಯಿಂದ ಅವಳು ಬಾಯಿಯೇ ಬಿಡಲಿಲ್ಲ. ಡಾಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ, "ದೊಡ್ಡ ಮನೆಯವರು ಹೀಗೇ, ನೋವು ಹೇಳ್ಕೊಳ್ಳಲ್ಲ" ಎಂದರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ಅರ್ಧ ಗಂಟೆ ಪರೀಕ್ಷೆ ನಡೆಯಿತು. ರೆಪ್ಪೆ ಎಳೆದು ನೋಡಿದವರು ಬೆಚ್ಚಿಬಿದ್ದರು. ಪಿತ್ತಕೋಶದ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿರಬೇಕು, ಇವತ್ತೇ ಮಂಗಳೂರಿಗೆ ಹೋಗಬೇಕು ಎಂದು ಅಲ್ಲಿನ ಸರ್ಜನ್‌ಗೆ ಪತ್ರ ಬರೆಯತೊಡಗಿದರು.

"ಇಷ್ಟಾಗೋವರೆಗೂ ಯಾವ ಪುಣ್ಯಾತ್ಮ ಅಮ್ಮಾ ನಿಮ್ಮನ್ನ ನೋಡ್ತಿದ್ದಿದ್ದು?"

"ನೀವೇ" ಎಂದಳು ಅಕ್ಕ. "ಮೂರು ಸಲ."

ಪೆನ್ನು ನಿಂತಿತು. ಅವರು ಮೊದಲ ಬಾರಿಗೆ ಅವಳ ಮುಖವನ್ನು ಸರಿಯಾಗಿ ನೋಡಿದರು. ಆಮೇಲೆ ನನ್ನ ಮುಖ. ನಾಚಿಕೆಯೇನೂ ಕಾಣಲಿಲ್ಲ, ಮೋಸಹೋದ ಸಿಟ್ಟಷ್ಟೇ. "ಇದೇನು ನಾಟಕ?" ಎಂದು ಗದರಿದರು.

"ಬರೀರಿ ಸಾರ್, ನಿಲ್ಸ್‌ಬೇಡಿ" ಎಂದರು ಸಾಹೇಬರು, ಹೊರಗೆ ಕೇಳುವಷ್ಟು ಗಟ್ಟಿಯಾಗಿ. ಹೊರಗೆ ಇಬ್ಬರು ಪ್ಲಾಂಟರು ಕೂತಿದ್ದರು. ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ, ತುಟಿ ಬಿಗಿಹಿಡಿದು ಪತ್ರ ಮುಗಿಸಿದರು. ಕರುಣೆಯಿಂದಲ್ಲ. ಆ ಇಬ್ಬರ ಕಿವಿಗೆ ಹೆದರಿ.

ಸಾಹೇಬರೇ ಅವಳನ್ನು ಗಂಡನ ಜೊತೆ ಮಂಗಳೂರಿಗೆ ಮುಟ್ಟಿಸಿದರು. ಆಪರೇಷನ್ ಆಯಿತು, ಜೀವ ಉಳಿಯಿತು. ಇನ್ನು ನಾಲ್ಕು ದಿನ ತಡವಾಗಿದ್ದರೆ ಕಷ್ಟವಿತ್ತಂತೆ. ನನ್ನನ್ನು ಮರುದಿನವೇ ಕೆಲಸದಿಂದ ತೆಗೆದರು; ಶಿಸ್ತಿಲ್ಲ ಎಂಬುದು ಕಾರಣ. ಅಂಥವರ ಶಿಸ್ತು ನನಗೆ ಬೇಕೂ ಇರಲಿಲ್ಲ.

ಮುಂದಿನ ಕೊಯ್ಲಿನಲ್ಲಿ ಅವಳನ್ನು ನೋಡಲು ಹೋಗಿದ್ದೆ. ಸಂಜೆ ಕೆಲಸ ಬಿಟ್ಟು ಹೆಂಗಸರೆಲ್ಲ ಎಸ್ಟೇಟ್ ರಸ್ತೆಯಲ್ಲಿ ಬರುತ್ತಿದ್ದಾಗ ಹಿಂದಿನಿಂದ ಡಾಕ್ಟರ ಕಾರು ಬಂತು. ಮಾಲೀಕರ ಬಂಗಲೆಗೆ ಅವರು ಊಟಕ್ಕೆ ಬರುತ್ತಿದ್ದರು. ಉಳಿದವರು ಗಡಿಬಿಡಿಯಿಂದ ಚರಂಡಿಗೆ ಇಳಿದರು. ಅಕ್ಕ ನಡುರಸ್ತೆಯಲ್ಲೇ ನಡೆದಳು.

"ಹಾರ್ನ್ ಹೊಡೀತಿದಾರೆ ಅಕ್ಕ" ಎಂದೆ.

"ಹೊಡೀಲಿ ಬಿಡು. ಅರ್ಜೆಂಟಿದ್ರೆ ಇಳ್ದು ನಡೀಲಿ."

ಕೂಲಿಯವರ ಲೈನ್‌ಮನೆಯ ತಿರುವಿನವರೆಗೂ ಕಾರು ನಮ್ಮ ಹಿಂದೆಯೇ ನಿಧಾನವಾಗಿ ಬಂತು.