ಕೊನೆಯ ಕೋಣೆಯ ವಜೀರಾಗೆ ಒಂದು ಪೇಡ

ಬೆಳಗಿನ ಆರು ಗಂಟೆ. ಚನ್ನಪಟ್ಟಣದ ಖಾಸಗಿ ಆಸ್ಪತ್ರೆಯೊಂದರ ಕೊನೆಯ ಕೋಣೆಯಲ್ಲಿ ಆಯಾ ವಜೀರಾ ರಬ್ಬರ್ ಹಾಳೆ ಹಾಸಿ, ಎನಿಮಾ ಡಬ್ಬಿಗೆ ಉಗುರುಬೆಚ್ಚಗಿನ ನೀರು ತುಂಬುತ್ತಿದ್ದಾರೆ. ಕೈ ಕೆಲಸದಲ್ಲಿದೆ, ಕಿವಿ ಮಾತ್ರ ಎದುರಿನ ಹೆರಿಗೆ ವಾರ್ಡಿನತ್ತ. ಅಲ್ಲಿ ಮಗು ಅಳುತ್ತದೆ. “ನೋಡ್ತಾ ಇರಿ ಮೇಡಂ, ಈಗ ಪೇಡ ಬತ್ತದೆ, ಅಂಕಮ್ಮಂಗೆ,” ಎಂದು ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಹೇಳಿದಂತೆಯೇ ಆಗುತ್ತದೆ. ಹೆರಿಗೆ ವಾರ್ಡಿನ ಆಯಾ ಅಂಕಮ್ಮನ ಕೈಗೆ ಮಗುವಿನ ಅಜ್ಜಿ ಪೇಡದ ಡಬ್ಬಿಯನ್ನೇ ಇಡುತ್ತಾರೆ. ವಜೀರಾ ಮುಖ ಗಂಟು ಹಾಕಿಕೊಳ್ಳುತ್ತಾರೆ. “ಹೊಟ್ಟೆ ಉರೀತದೆ ಮೇಡಂ, ಯಾಕ್ ಸುಳ್ಳು ಹೇಳ್ಲಿ? ಹದಿನೇಳು ವರ್ಷದಿಂದ ನೋಡ್ತಾ ಇವ್ನಿ. ಅವ್ಳಿಗೆ ಸೀರೆ, ನಾಮಕರಣದ ಊಟ. ನಂಗೆ? ಒಳಗೆ ‘ನೀನೇ ದೇವ್ರು ಕಣಮ್ಮ’ ಅಂತಾರೆ. ಆಚೆ ಬಂದ್ರೆ ಗುರ್ತೇ ಇಲ್ಲ! ನಾಲ್ಕ್ ಜನದ ಎದ್ರಿಗೆ ಒಂದೇ ಒಂದ್ ಪೇಡ ಕೊಟ್ಟಿದ್ರೆ ಸಾಕಿತ್ತು.”

ಮಲಬದ್ಧತೆಯಿಂದ ನರಳಿ ಬರುವ ಹೆಂಗಸರು ದಿನಕ್ಕೆ ಐದಾರು ಮಂದಿ. ವೈದ್ಯರು ಚೀಟಿ ಬರೆದರಷ್ಟೇ ವಜೀರಾ ಮುಟ್ಟುವುದು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರು, ಗೊಂಬೆಗೆ ಬಣ್ಣ ಹಾಕುವವರು, ಮಾಗಡಿಯ ಟೀಚರಮ್ಮ, ಯಾರೂ ದಾರಿಯಲ್ಲಿ ಮಾತಾಡಿಸುವುದಿಲ್ಲ. ಅವರ ಮಾತೇಕೆ? ಹೋದ ವರ್ಷ ಇದೇ ಕೋಣೆಯಲ್ಲಿ ಎನಿಮಾ ಹಾಕಿಸಿಕೊಂಡು ‘ಬದುಕಿದೆಯಾ ಬಡಜೀವವೇ’ ಎಂದುಕೊಂಡ ನಾನೂ, ಆಮೇಲೆ ಬಸ್ ನಿಲ್ದಾಣದಲ್ಲಿ ಇವರನ್ನು ಕಂಡು ದುಪಟ್ಟಾ ಮುಖಕ್ಕೆ ಎಳೆದುಕೊಂಡಿದ್ದೆ. ಛೀ, ಎಂಥ ನಾಚಿಕೆಗೇಡು!

ಕಳಿಸುವ ಮುನ್ನ ಎಲ್ಲರಿಗೂ ಒಂದೇ ಪಾಠ, ವೈದ್ಯರಿಂದ ಕೇಳಿ ಕಲಿತದ್ದು. “ಕರುಳಲ್ಲಿ ಒಳ್ಳೇ ಬ್ಯಾಕ್ಟೀರಿಯಾ ಅವೆ. ಬರೀ ಬನ್ನು, ಬಿಸ್ಕತ್ತು ತಿಂದ್ರೆ ಅವುಕ್ಕೆ ಊಟ ಇಲ್ಲ. ಸೊಪ್ಪು, ಕಾಳು, ರಾಗಿ ಹಾಕಿ. ಮಜ್ಜಿಗೆ ಕುಡೀರಿ, ನೀರು ಕುಡೀರಿ, ಒಸಿ ನಡೀರಿ.” ಆಮೇಲೆ ನನ್ನತ್ತ ತಿರುಗುತ್ತಾರೆ. “ಅವೂ ನನ್ ಥರಾನೇ ಮೇಡಂ. ಒಳಗೇ ದುಡೀತವೆ, ಕೇಳೋರಿಲ್ಲ.”

ಹನ್ನೊಂದರ ಹೊತ್ತಿಗೆ ಚೀಟಿ ಹಿಡಿದು ಬಾಗಿಲಲ್ಲಿ ನಿಂತವರು ಬೇರಾರೂ ಅಲ್ಲ, ಅಂಕಮ್ಮ! “ಮೂರ್ ದಿನಾಯ್ತು ಕಣೇ ವಜೀರಾ, ಹೊಟ್ಟೆ ಕಲ್ಲಾಗೈತೆ. ಯಾರ್ಗೂ ಹೇಳ್ಬ್ಯಾಡ.”

“ಬಂದ ಪೇಡನೆಲ್ಲ ಒಬ್ಳೇ ತಿಂದ್ರೆ ಇನ್ನೇನಾದದು? ಬಾ ಒಳಗೆ.”

ನನ್ನನ್ನು ಆಚೆಗಟ್ಟಿ ಬಾಗಿಲು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಯ ಮೇಲೆ ಹೊರಬಂದ ಅಂಕಮ್ಮ ನೆಟ್ಟಗೆ ತಮ್ಮ ವಾರ್ಡಿಗೆ ಹೋಗಿ, ಬೆಳಗಿನ ಡಬ್ಬಿಯನ್ನು ಸೆರಗಿನಡಿ ಮುಚ್ಚಿ ತರುತ್ತಾರೆ. “ಒಳಗ್ ನಡಿ, ಕೊಡ್ತೀನಿ.”

“ಒಳಗ್ ಬ್ಯಾಡಕ್ಕ. ಇಲ್ಲೇ ಕೊಡು.”

ಬೆಂಚಿನ ತುಂಬ ಜನ. ಅಂಕಮ್ಮ ಅತ್ತಿತ್ತ ನೋಡುತ್ತಾರೆ. ಆಮೇಲೆ ಇಡೀ ಕಾರಿಡಾರಿಗೆ ಕೇಳುವಂತೆ, “ಮೂರ್ ದಿನದಿಂದ ಕಟ್ಕೊಂಡಿತ್ತು ಕಣ್ರಪ್ಪಾ, ಇವ್ಳೇ ಸರಿ ಮಾಡಿದ್ದು! ತಕಳೇ, ತಿನ್ನು!”

ಬೆಂಚಿನವರು ಕಿಸಕ್ಕೆನ್ನುತ್ತಾರೆ. ವಜೀರಾ ಬಾಗಿಲಲ್ಲೇ ನಿಂತು, ಅವಸರವಿಲ್ಲದೆ, ಒಂದು ಪೇಡ ಪೂರ್ತಿ ತಿನ್ನುತ್ತಾರೆ. ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಹೇಳುತ್ತಾರೆ: “ಉಳಿದಿದ್ದು ನಿಂಗಿಲ್ಲ. ನೀನು ಸೊಪ್ಪು ತಿನ್ನು.”